ಚೇತಕ್ ಘಾಟ್ ಏರದೆ ಬರೀ ಅರಚುತ್ತಿದ್ದರೆ: ಕ್ಲಚ್ ಬಿಚ್ಚುವ ಮುಂಚೆ, ಬಿಚ್ಚಿದ ಮೇಲೆ

ಪ್ರಶ್ನೆ: ನಾವಿರುವುದು ಪುಣೆಯ ಧನಕವಡಿಯಲ್ಲಿ. ಅಪ್ಪ 1986ರಲ್ಲಿ ಕೊಂಡ ಬಜಾಜ್ ಚೇತಕ್ (2-ಸ್ಟ್ರೋಕ್, 150 ಸಿಸಿ) ಇನ್ನೂ ಓಡುತ್ತಿದೆ. ಈಚೆಗೆ ಕಾತ್ರಜ್ ಹಳೇ ಘಾಟ್ ಏರುವಾಗ ಮೂರನೇ ಗೇರಿನಲ್ಲಿ ಎಕ್ಸಲರೇಟರ್ ತಿರುವಿದರೆ ಎಂಜಿನ್ ಜೋರಾಗಿ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಕಿಕ್ ಹೊಡೆದರೂ ಕೆಲವೊಮ್ಮೆ ಹಾಗೇ ಕೆಳಗಿಳಿದುಬಿಡುತ್ತದೆ. ಮಳೆಗಾಲಕ್ಕೆ ಮುಂಚೆ ಕ್ಲಚ್ ಕೇಬಲ್ ಹೊಸದು ಹಾಕಿಸಿದ್ದೆವು. ಅದೇ ಹೊತ್ತಿಗೆ ಮನೆಯಲ್ಲಿ ಕಾರಿಗೆಂದು ತಂದು ಉಳಿದಿದ್ದ ಸಿಂಥೆಟಿಕ್ ಆಯಿಲನ್ನೇ ಗೇರ್‌ಬಾಕ್ಸಿಗೂ ಹಾಕಿದೆವು. ಸ್ಲಿಪ್ ಶುರುವಾದಾಗ ಕೇಬಲ್ ಇನ್ನಷ್ಟು ಬಿಗಿ ಮಾಡಿದೆ, ಪ್ರಯೋಜನವಾಗಲಿಲ್ಲ. ಮೆಕ್ಯಾನಿಕ್ ಎಂಜಿನ್ ಇಳಿಸಿ ಪೂರ್ತಿ ಕ್ಲಚ್ ಅಸೆಂಬ್ಲಿ ಬದಲಾಯಿಸಬೇಕು ಅನ್ನುತ್ತಾರೆ. ದೀಪಾವಳಿಗೆ ಇದರಲ್ಲೇ ಬೆಳಗಾವಿಗೆ ಹೋಗಬೇಕೆಂದಿದ್ದೇವೆ. ಏನು ಮಾಡಬೇಕು?

ಉತ್ತರ: ಎಂಜಿನ್ ಇಳಿಸಬೇಕಿಲ್ಲ. ಪೂರ್ತಿ ಅಸೆಂಬ್ಲಿಯೂ ಬಹುಶಃ ಬೇಕಾಗಲಿಕ್ಕಿಲ್ಲ. ನೀವು ಬರೆದದ್ದು ಕ್ಲಚ್ ಸ್ಲಿಪ್‌ನ, ಅಂದರೆ ಕ್ಲಚ್ ಪ್ಲೇಟುಗಳು ಹಿಡಿಯದೆ ಜಾರುವುದರ, ಲಕ್ಷಣವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಕಾರಣವಾಗಬಲ್ಲ ಮೂರು ಸಂಗತಿಗಳನ್ನು ನಿಮ್ಮ ಪ್ರಶ್ನೆಯಲ್ಲೇ ಹೇಳಿದ್ದೀರಿ: ಹೊಸ ಕೇಬಲ್, ಕಾರಿನ ಆಯಿಲ್, ಕೇಬಲನ್ನು ಇನ್ನಷ್ಟು ಬಿಗಿ ಮಾಡಿದ್ದು. ಮೂರನೆಯದರಿಂದಲೇ ಶುರು ಮಾಡೋಣ. ಸ್ಲಿಪ್ ಆದಾಗ ಹೆಚ್ಚಿನವರು ಮಾಡುವುದು ಅದನ್ನೇ, ಮತ್ತು ಅದು ಸರಿಯಾಗಿ ಉಲ್ಟಾ ಕೆಲಸ.

ಚೇತಕ್ಕಿನ ಕ್ಲಚ್‌ನಲ್ಲಿ ಪ್ಲೇಟುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು ಒಳಗಿನ ಸ್ಪ್ರಿಂಗುಗಳು. ಕೇಬಲ್‌ನ ಕೆಲಸ ಆ ಒತ್ತಡವನ್ನು ಬಿಡಿಸುವುದು, ಅಷ್ಟೇ. ಲಿವರ್ ಒತ್ತಿದಾಗ ಕೇಬಲ್ ಕೆಳಗಿನ ಆರ್ಮ್ ಎಳೆಯುತ್ತದೆ. ಆ ಆರ್ಮ್, ಕ್ಲಚ್ ಕವರಿನ ಒಳಗಿರುವ ಹಿತ್ತಾಳೆ ಬಟನ್ನನ್ನು ಕ್ಲಚ್ ಮೇಲೆ ತಳ್ಳುತ್ತದೆ, ಪ್ಲೇಟುಗಳು ಸಡಿಲವಾಗುತ್ತವೆ. ಕೇಬಲ್ ಬಿಗಿಯಾದಷ್ಟೂ ನೀವು ಕೈ ಹಚ್ಚದಿದ್ದರೂ ಲಿವರ್ ಅರ್ಧ ಒತ್ತಿ ಹಿಡಿದಂತೆಯೇ ಲೆಕ್ಕ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ: ಪ್ಲೇಟು ಸವೆದಂತೆ ಕ್ಲಚ್‌ನ ಹೊರಮುಖ ಬಟನ್ ಕಡೆಗೆ ಸರಿದು ಬರುತ್ತದೆ, ಹಾಗಾಗಿ ಲಿವರಿನ ಸಡಿಲ ತಾನಾಗಿಯೇ ಕಡಿಮೆಯಾಗುತ್ತ ಹೋಗುತ್ತದೆ. ಕೇಬಲ್ ಹಿಗ್ಗಿದರೆ ಬಿಗಿ ಮಾಡಬೇಕಾಗುವುದು ನಿಜ. ಪ್ಲೇಟು ಸವೆದಾಗ ಮಾತ್ರ ಸಡಿಲ ಬಿಡಬೇಕು. ವರ್ಷಗಟ್ಟಲೆ ಅಡ್ಜಸ್ಟರ್ ಮುಟ್ಟದ ಗಾಡಿಯೂ ಒಂದು ದಿನ ಸ್ಲಿಪ್ ಆಗತೊಡಗುವುದು ಇದರಿಂದಲೇ.

ಹಾಗಾಗಿ ಮೊದಲ ಕೆಲಸಕ್ಕೆ ದುಡ್ಡು ಬೇಡ. ಎಂಜಿನ್ ತಣ್ಣಗಿರುವಾಗ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಕ್ಲಚ್ ಲಿವರನ್ನು ಬೆರಳ ತುದಿಯಿಂದ ಮೆಲ್ಲಗೆ ಎಳೆಯಿರಿ. ಕೇಬಲ್ ಬಿಗಿ ಹಿಡಿಯುವ ಮುಂಚೆ ಲಿವರಿನ ಬುಡದಲ್ಲಿ, ಅಂದರೆ ಲಿವರಿಗೂ ಅದು ಕೂರುವ ಹೌಸಿಂಗಿಗೂ ನಡುವೆ, ಸುಮಾರು 2 ಮಿ.ಮೀ. ಸಂದು ಕಾಣಬೇಕು. ಹಳೇ ಒಂದು ರೂಪಾಯಿ ನಾಣ್ಯ ಸಲೀಸಾಗಿ ತೂರಿದರೆ ಸಾಕು. ಕಾಣದಿದ್ದರೆ ಕೆಳಗೆ ಎಂಜಿನ್ ಹತ್ತಿರ ಕೇಬಲ್ ಬಂದು ಸೇರುವ ಜಾಗದಲ್ಲಿರುವ ಅಡ್ಜಸ್ಟರಿನ ಚೆಕ್‌ನಟ್ ಸಡಿಲಿಸಿ, ಅಡ್ಜಸ್ಟರನ್ನು ಒಳಕ್ಕೆ ತಿರುವಿ ಸಂದು ಬರುವಂತೆ ಮಾಡಿ. ಅಡ್ಜಸ್ಟರ್ ಪೂರ್ತಿ ಒಳಗೆ ಹೋದರೂ ಸಂದು ಬರದಿದ್ದರೆ ಕೇಬಲ್ ತುದಿಯಲ್ಲಿ ತಂತಿಯನ್ನು ಕಚ್ಚಿ ಹಿಡಿಯುವ ನಿಪ್ಪಲನ್ನೇ ಬಿಚ್ಚಿ ತಂತಿ ಸ್ವಲ್ಪ ಬಿಟ್ಟು ಕಟ್ಟಬೇಕು. ನಿಪ್ಪಲ್ ಬಿಚ್ಚುವಾಗ ಎರಡು ಪಾನಾ (ಸ್ಪ್ಯಾನರ್) ಬೇಕು, ಒಂದರಲ್ಲಿ ನಿಪ್ಪಲ್‌ನ ಮೈ ಹಿಡಿದು ಇನ್ನೊಂದರಲ್ಲಿ ನಟ್ ತಿರುವಿ. ಒಂದೇ ಪಾನಾದಲ್ಲಿ ತಿರುವಿದರೆ ತಂತಿಯ ಎಳೆಗಳು ಹುರಿ ತಪ್ಪಿ, ಮುಂದೊಂದು ದಿನ ಅಲ್ಲಿಯೇ ತುಂಡಾಗುತ್ತವೆ.

ಇಷ್ಟಕ್ಕೇ ಕೇಬಲ್ ಪರೀಕ್ಷೆ ಮುಗಿಯಲಿಲ್ಲ. ಮೋಟರ್‌ಸೈಕಲ್ಲಿನಲ್ಲಿ ಕ್ಲಚ್ ಲಿವರ್ ಇದ್ದಲ್ಲೇ ಇರುತ್ತದೆ, ಚೇತಕ್ಕಿನಲ್ಲಿ ಅದು ಗೇರ್ ಗ್ರಿಪ್ ಜೊತೆಗೇ ತಿರುಗುತ್ತದೆ. ಒಂದನೇ ಗೇರಿನಲ್ಲಿ ಕೇಬಲ್ ಬಾಗುವ ರೀತಿ ಬೇರೆ, ನಾಲ್ಕನೆಯದರಲ್ಲಿ ಬೇರೆ. ಹೊಸ ಕೇಬಲ್ ಹಾಕುವಾಗ ಹ್ಯಾಂಡಲ್ ಒಳಗೆ ಹೊರಕವಚ ಸರಿಯಾಗಿ ಕೂರದಿದ್ದರೆ, ಅಥವಾ ಕೇಬಲ್ ಕೊಂಚ ಗಿಡ್ಡವಿದ್ದರೆ, ನ್ಯೂಟ್ರಲ್‌ನಲ್ಲಿ ಸರಿಯಾಗಿದ್ದ ಸಂದು ಮೂರು–ನಾಲ್ಕನೇ ಗೇರಿಗೆ ಬಂದಾಗ ಮಾಯ. ಆದ್ದರಿಂದ ಎಂಜಿನ್ ಆಫ್ ಇಟ್ಟು, ಗಾಡಿಯನ್ನು ಹಿಂದೆ–ಮುಂದೆ ಸ್ವಲ್ಪ ಅಲುಗಾಡಿಸುತ್ತ ಒಂದೊಂದೇ ಗೇರ್ ಹಾಕಿ, ಪ್ರತಿಯೊಂದರಲ್ಲೂ ಸಂದು ನೋಡಿ. ಆಮೇಲೆ ಹ್ಯಾಂಡಲನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುವಿ ಮತ್ತೆ ನೋಡಿ. ಎಲ್ಲ ಸ್ಥಿತಿಯಲ್ಲೂ ಸಂದು ಉಳಿಯಬೇಕು. ನಿಮಗೆ ಮೂರನೇ ಗೇರಿನಲ್ಲೇ ಹೆಚ್ಚು ಸ್ಲಿಪ್ ಆಗುತ್ತಿರುವುದರಿಂದ ಈ ಪರೀಕ್ಷೆಯನ್ನು ಖಂಡಿತ ಬಿಡಬೇಡಿ.

ಲಿವರ್ ಬಿಟ್ಟಾಗ ಟಪ್ಪೆಂದು ವಾಪಸ್ ಬರಬೇಕು. ಸೋಮಾರಿಯಾಗಿ ಬಂದರೆ ಲಿವರಿನ ಪಿವಟ್ ಬೋಲ್ಟನ್ನು ಅತಿಯಾಗಿ ಬಿಗಿದಿರಬಹುದು, ಇಲ್ಲವೇ ಕೇಬಲ್ ಹೊರಕವಚದೊಳಗೆ ನೀರು ಹೋಗಿ ತುಕ್ಕು ಹಿಡಿದಿರಬಹುದು. ಪುಣೆಯ ಮಳೆಗಾಲ ಕಳೆದ ಕೇಬಲ್‌ಗೆ ಇದು ಮಾಮೂಲು. ಮೇಲಿನ ತುದಿ ಬಿಚ್ಚಿ, ಹೊರಕವಚದ ಬಾಯಿಗೆ ಪ್ಲಾಸ್ಟಿಕ್ಕಿನ ಸಣ್ಣ ಕೊಳವೆ ಕಟ್ಟಿ ತೆಳು ಆಯಿಲ್ ಸುರಿದು, ಕೆಳಗಿನ ತುದಿಯಿಂದ ತೊಟ್ಟಿಕ್ಕುವವರೆಗೆ ಬಿಡಿ.

ಇನ್ನು ಆಯಿಲ್. ನಿಮ್ಮ ಗಾಡಿಯಲ್ಲಿ ನನ್ನ ಹೆಚ್ಚಿನ ಗುಮಾನಿ ಇದರ ಮೇಲೆಯೇ.

ಚೇತಕ್ 2-ಸ್ಟ್ರೋಕ್ ಗಾಡಿ. ಪಿಸ್ಟನ್ನಿಗೂ ಕ್ರ್ಯಾಂಕಿಗೂ ಬೇಕಾದ ಎಣ್ಣೆ ಪೆಟ್ರೋಲಿನಲ್ಲೇ ಬೆರೆತು ಬರುತ್ತದೆ. ಗೇರ್‌ಬಾಕ್ಸಿನ ಆಯಿಲ್ ಬೇರೆ, ಕ್ಲಚ್ ಅದರಲ್ಲೇ ಮುಳುಗಿ ತಿರುಗುತ್ತದೆ. ಪ್ಲೇಟಿನ ಮೇಲಿರುವುದು ಕಾರ್ಕ್. ಹಿಡಿತವೆಲ್ಲ ಕಾರ್ಕ್ ಮತ್ತು ಸ್ಟೀಲ್ ನಡುವಿನ ಘರ್ಷಣೆಯದು. ಇವತ್ತಿನ ಕಾರು ಆಯಿಲುಗಳಿಗೆ, ಅದರಲ್ಲೂ 5ಡಬ್ಲ್ಯು-30ರಂಥ ಮೈಲೇಜ್ ಹೆಚ್ಚಿಸುವ ಜಾತಿಯವಕ್ಕೆ, ಆ ಘರ್ಷಣೆಯನ್ನೇ ಕಡಿಮೆ ಮಾಡುವ ರಾಸಾಯನಿಕ ಬೆರೆಸಿರುತ್ತಾರೆ. ಕಾರಿನ ಕ್ಲಚ್ ಎಂಜಿನ್ ಆಯಿಲಿನಲ್ಲಿ ಮುಳುಗಿರುವುದಿಲ್ಲ, ಆದ್ದರಿಂದ ಅಲ್ಲಿ ಇದು ಗುಣ. ಇಲ್ಲಿ ಅದೇ ಗುಣ ದೋಷವಾಗುತ್ತದೆ: ಪ್ಲೇಟುಗಳು ಜಾರುತ್ತವೆ, ಜಾರಿದಾಗ ಬಿಸಿಯಾಗುತ್ತವೆ, ಬಿಸಿಗೆ ಕಾರ್ಕ್‌ನ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಎಷ್ಟು ಒಳ್ಳೆಯ ಆಯಿಲ್ ಹಾಕಿದರೂ ಹಿಡಿತ ಪೂರ್ತಿ ಮರಳುವುದಿಲ್ಲ.

ಈ ಎಂಜಿನ್ನಿಗೆ ಬೇಕಾಗುವುದು ಎಸ್‌ಎಇ 30 ದರ್ಜೆಯ ಸಾದಾ ಮಿನರಲ್ ಆಯಿಲ್, 250 ಮಿ.ಲೀ. ದುಬಾರಿಯದ್ದೇನೂ ಬೇಡ. ಎಸ್‌ಎಇ 30 ಸಿಗದಿದ್ದರೆ ಡಬ್ಬಿಯ ಮೇಲೆ ಜಾಸೋ (ಜಪಾನಿನ ವಾಹನ ಮಾನಕ) ಎಂಎ ಅಥವಾ ಎಂಎ2 ಎಂದಿರುವ 20ಡಬ್ಲ್ಯು-40 ಬೈಕ್ ಆಯಿಲ್ ನಡೆಯುತ್ತದೆ. ಆ ಗುರುತು ಆಯಿಲಿನಲ್ಲಿ ಮುಳುಗಿದ ಕ್ಲಚ್‌ಗೆ ಆಗಿಬರುತ್ತದೆ ಎಂಬುದರ ಖಾತರಿ. ಜಾಸೋ ಎಂಬಿ ಎಂದಿರುವುದು ಗೇರಿಲ್ಲದ ಈಗಿನ ಸ್ಕೂಟರುಗಳದ್ದು, ಸ್ಕೂಟರ್ ಚಿತ್ರ ನೋಡಿ ಅದನ್ನು ತಂದುಬಿಡಬೇಡಿ. ಗೇರ್‌ಬಾಕ್ಸ್ ಅಲ್ಲವೇ ಎಂದು 90 ನಂಬರಿನ ಗೇರ್ ಆಯಿಲ್ ಹಾಕುವವರೂ ಇದ್ದಾರೆ. ಅದು ಲಾರಿಯ ಡಿಫರೆನ್ಷಿಯಲ್ಲಿಗೆ ಸರಿ. ಇಲ್ಲಿ ಬೆಳಿಗ್ಗೆ ತಣ್ಣಗಿರುವಾಗ ಪ್ಲೇಟುಗಳು ಅಂಟಿಕೊಂಡು, ಒಂದನೇ ಗೇರ್ ಹಾಕಿದ ಕೂಡಲೇ ಗಾಡಿ ಜಿಗಿಯುತ್ತದೆ.

ಆಯಿಲ್ ಬದಲಿಸುವ ಕ್ರಮ: ಐದು ನಿಮಿಷ ಗಾಡಿ ಓಡಿಸಿ ಬಿಸಿ ಮಾಡಿ, ಕೆಳಗಿನ ಡ್ರೇನ್ ಬೋಲ್ಟ್ ತೆಗೆದು ಬಿಳಿ ಡಬ್ಬಿಯಲ್ಲಿ ಹಿಡಿಯಿರಿ. ಬಿಳಿ ಏಕೆಂದರೆ ಬಂದದ್ದನ್ನು ಓದಬೇಕು. ಕಂದು–ಕಪ್ಪು ಚೂರುಗಳು ಕಂಡರೆ ಕಾರ್ಕ್ ಉದುರುತ್ತಿದೆ. ಹೊಂಬಣ್ಣದ ಮಿನುಗು ಇದ್ದರೆ ಹಿತ್ತಾಳೆ ಬಟನ್ ಅಥವಾ ಬುಶ್ ಸವೆಯುತ್ತಿದೆ. ಕೈಗೆ ಚುಚ್ಚುವ ಉಕ್ಕಿನ ಚೂರು ಸಿಕ್ಕರೆ ಗೇರುಗಳನ್ನೇ ನೋಡಬೇಕಾಗುತ್ತದೆ. ಆಮೇಲೆ ಮೂಸಿ ನೋಡಿ. ಸುಟ್ಟ ವಾಸನೆ ಕ್ಲಚ್‌ನದು. ಪೆಟ್ರೋಲ್ ವಾಸನೆ ಬಂದು, ಹಾಕಿದ್ದಕ್ಕಿಂತ ಹೆಚ್ಚು ಆಯಿಲ್ ಹೊರಬಂದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ ಹೋಗಿದೆ. ಅದೇ ಸೀಲ್ ಉಲ್ಟಾ ದಿಕ್ಕಿನಲ್ಲಿ ಸೋರಿದರೆ ಗೇರ್ ಆಯಿಲ್ ಕ್ರ್ಯಾಂಕ್‌ಕೇಸಿಗೆ ಎಳೆದುಕೊಂಡು ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಆಯಿಲ್ ಮಟ್ಟ ಇಳಿಯುತ್ತದೆ. ಆ ಸೀಲ್ ಬೇರಿಂಗಿನ ಒಳಗಡೆ ಇರುವುದರಿಂದ ಅದಕ್ಕೆ ನಿಜವಾಗಿಯೂ ಎಂಜಿನ್ ಇಳಿಸಿ ಇಬ್ಭಾಗ ಮಾಡಬೇಕು. ನಿಮ್ಮ ಮೆಕ್ಯಾನಿಕ್ ಎಂಜಿನ್ ಇಳಿಸಬೇಕು ಅಂದದ್ದು ಇದನ್ನು ನೋಡಿ ಹೇಳಿದ್ದಾದರೆ ಅವರ ಮಾತು ಸರಿ. ಕೇಳಿ ನೋಡಿ.

ಹೊಸ ಆಯಿಲ್ ಹಾಕುವಾಗ ಗಾಡಿ ನೆಟ್ಟಗಿರಲಿ. ಹಾಕುವ ತೂತೇ ಮಟ್ಟದ ಗುರುತೂ ಹೌದು, ಅಂಚಿಗೆ ಬಂದು ತೊಟ್ಟಿಕ್ಕಿದರೆ ಸಾಕು. ಹೆಚ್ಚು ಹಾಕಿದರೆ ಕ್ಲಚ್ ಕವರಿನ ಮೇಲಿನ ಬ್ರೀದರಿನಿಂದ (ಗಾಳಿಯಾಡುವ ತೂತು) ಹೊರಗೆ ಉಗುಳಿ ಹಿಂದಿನ ಟೈರಿಗೂ ಬಳಿದೀತು. ಕಾರು ಆಯಿಲ್ ಹಾಕಿದ್ದರಿಂದ ಒಂದು ಸಲ ಬದಲಿಸಿದರೆ ಸಾಲದು. ಹೊಸದು ಹಾಕಿ ಹದಿನೈದು ಕಿ.ಮೀ. ಸಮತಟ್ಟಾದ ರಸ್ತೆಯಲ್ಲಿ ನಿಧಾನ ಓಡಿಸಿ, ಅದನ್ನೂ ಸುರಿದು, ಮತ್ತೆ ಹೊಸದು ಹಾಕಿ.

ಇಷ್ಟಾದ ಮೇಲೆ ಪರೀಕ್ಷೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಗಂಟೆಗೆ 35–40 ಕಿ.ಮೀ.ಗೆ ಬಂದು ಎಕ್ಸಲರೇಟರನ್ನು ಒಮ್ಮೆಗೇ ಪೂರ್ತಿ ತಿರುವಿ. ಸದ್ದು ಮತ್ತು ಸ್ಪೀಡೋಮೀಟರ್ ಜೊತೆಜೊತೆಗೆ ಏರಿದರೆ ಕ್ಲಚ್ ಹಿಡಿಯುತ್ತಿದೆ. ಸದ್ದು ಮುಂದೆ ಓಡಿ ಮುಳ್ಳು ಹಿಂದೆ ಉಳಿದರೆ ಇನ್ನೂ ಜಾರುತ್ತಿದೆ. ಒಂದೆರಡು ಸಲ ಮಾತ್ರ ಮಾಡಿ. ಪರೀಕ್ಷೆಯ ಹೆಸರಿನಲ್ಲೇ ಪ್ಲೇಟು ಸುಡಬಾರದು.

ಕಿಕ್ ಜಾರುವುದರ ಅರ್ಥವನ್ನೂ ಹೇಳಿಬಿಡುತ್ತೇನೆ. ಈ ಎಂಜಿನ್ನಿನಲ್ಲಿ ಕಿಕ್‌ನ ಬಲ ಗೇರುಗಳ ಮೂಲಕ, ಕ್ಲಚ್ ದಾಟಿಯೇ ಕ್ರ್ಯಾಂಕಿಗೆ ಹೋಗುತ್ತದೆ. ಕ್ಲಚ್ ಒತ್ತಿ ಹಿಡಿದು ಕಿಕ್ ಹೊಡೆದರೆ ಚೇತಕ್ ಸ್ಟಾರ್ಟ್ ಆಗದಿರುವುದು ಅದಕ್ಕೇ. ಬಲಗಡೆಯ ಕೌಲ್ (ಎಂಜಿನ್ ಮುಚ್ಚುವ ಉಬ್ಬು ಕವಚ) ತೆಗೆದು, ನ್ಯೂಟ್ರಲ್‌ನಲ್ಲಿ ಕೈಯಿಂದ ಕಿಕ್ ಒತ್ತುತ್ತ ಫ್ಯಾನ್ ನೋಡಿ. ಕಿಕ್ ಮೆತ್ತಗೆ ಇಳಿದು ಫ್ಯಾನ್ ತಿರುಗದಿದ್ದರೆ ಕ್ಲಚ್ ಜಾರುತ್ತಿದೆ. ಕರಕರ ಸದ್ದು ಮಾಡಿ ತಪ್ಪಿದರೆ ಅದು ಕಿಕ್‌ನ ಹಲ್ಲು ಸವೆದದ್ದು, ಕ್ಲಚ್‌ಗೆ ಸಂಬಂಧವಿಲ್ಲ. ಹಾಗೆಯೇ ಓಡುವಾಗ ಸದ್ದು ಒಮ್ಮೆಲೇ ಏರಿ, ಟಕ್ ಎಂದು ಒದ್ದು ಮತ್ತೆ ಹಿಡಿದರೆ ಅದು ಗೇರ್‌ಬಾಕ್ಸಿನೊಳಗೆ ಗೇರನ್ನು ಹಿಡಿದಿಡುವ ‘ಗೇರ್ ಕ್ರಾಸ್’ ಎಂಬ ಭಾಗ ಸವೆದು ಗೇರ್ ತಪ್ಪುತ್ತಿರುವುದು. ಕ್ಲಚ್ ಸ್ಲಿಪ್ ಯಾವತ್ತೂ ಒದೆಯುವುದಿಲ್ಲ, ನುಣ್ಣಗೆ ಜಾರುತ್ತದೆ. ಹಿಂದಿನ ಚಕ್ರದ ನಡುನಟ್ ಸಡಿಲವಾಗಿ ಡ್ರಮ್ಮಿನ ಒಳಹಲ್ಲು ತೇದುಹೋದರೂ ಎಂಜಿನ್ ಓಡುತ್ತ ಚಕ್ರ ನಿಲ್ಲುತ್ತದೆ. ಅದನ್ನು ಚಕ್ರ ಅಲುಗಾಡಿಸಿ ನೋಡಿದರೆ ತಿಳಿಯುತ್ತದೆ.

ಕೇಬಲ್ ಮತ್ತು ಆಯಿಲ್ ಸರಿಪಡಿಸಿದ ಮೇಲೂ ಜಾರಿದರೆ ಬಿಚ್ಚಲೇಬೇಕು. ಕಾರು ಆಯಿಲಿನಲ್ಲಿ ಇಷ್ಟು ತಿಂಗಳು ಘಾಟ್ ಹತ್ತಿಸಿದ್ದರೆ ಕಾರ್ಕ್ ನುಣುಪಾಗಿರುವ ಸಾಧ್ಯತೆಯೇ ಹೆಚ್ಚು.

ಬೇಕಾದ ಸಾಮಾನು: ಕಾರ್ಕ್ ಮತ್ತು ಸ್ಟೀಲ್ ಪ್ಲೇಟುಗಳ ಸೆಟ್, ಸ್ಪ್ರಿಂಗ್ ಸೆಟ್, ಕ್ಲಚ್ ನಟ್‌ನ ಲಾಕ್ ವಾಶರ್, ಕವರಿನ ರಬ್ಬರ್ ಓ-ರಿಂಗ್, ಹಿತ್ತಾಳೆ ಬಟನ್, ಒಂದು ವುಡ್‌ರಫ್ ಕೀ (ಕ್ಲಚ್ಚನ್ನು ಕ್ರ್ಯಾಂಕಿಗೆ ಹಿಡಿಸುವ ಉಕ್ಕಿನ ಸಣ್ಣ ತುಂಡು). ನಾನಾ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಬಿಚ್ಚುವ ಮುಂಚೆಯೇ ಹೋಗಿ ತರುವ ಆತುರ ಬೇಡ. ಚೇತಕ್ 1972ರಿಂದ ಆಕುರ್ಡಿಯಲ್ಲಿ ದಶಕಗಳ ಕಾಲ ತಯಾರಾದ ಗಾಡಿ, ನಡುವೆ ಬದಲಾವಣೆಗಳಾಗಿವೆ, ಸೂಪರ್, ಪ್ರಿಯಾಗಳ ಸಾಮಾನೂ ಅದೇ ಕಪಾಟಿನಲ್ಲಿರುತ್ತದೆ. ಹಳೇ ಕ್ಲಚ್ಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟು ಹಲ್ಲು, ವ್ಯಾಸ, ಸ್ಪ್ರಿಂಗಿನ ಸಂಖ್ಯೆ ಹೋಲಿಸಿ ತನ್ನಿ. ಬರೀ ‘ಚೇತಕ್’ ಎಂದರೆ ಆಮೇಲೆ ಬಂದ 4-ಸ್ಟ್ರೋಕಿನದು ಕೊಟ್ಟಾರು. 2020ರಿಂದ ಮಾರಾಟದಲ್ಲಿರುವ ಎಲೆಕ್ಟ್ರಿಕ್ ಚೇತಕ್ಕಿಗೆ ಕ್ಲಚ್ಚೇ ಇಲ್ಲ, ಆ ಗೊಂದಲವಾದರೂ ತಪ್ಪಿತು.

ಹತ್ಯಾರಗಳಲ್ಲಿ ಎರಡು ವಿಶೇಷದವು. ಕ್ಲಚ್ ನಟ್‌ನ ತಲೆ ಕೋಟೆಯ ತೆನೆಯ ಹಾಗೆ ಕತ್ತರಿಸಿರುತ್ತದೆ, ಅದಕ್ಕೆ ಹಲ್ಲಿನ ಬಾಕ್ಸ್ ಪಾನಾ ಬೇಕು. ಅದೇ ಅಂಗಡಿಗಳಲ್ಲಿ ಸಿಗುತ್ತದೆ. ಉಳಿ–ಸುತ್ತಿಗೆಯಿಂದ ಹೊಡೆದು ಬಿಚ್ಚುವುದು ರಸ್ತೆ ಬದಿಯ ರೂಢಿ, ದಯವಿಟ್ಟು ಮಾಡಬೇಡಿ. ಒಂದೊಂದು ಹೊಡೆತವೂ ಕ್ರ್ಯಾಂಕ್ ಬೇರಿಂಗಿಗೆ ಬೀಳುತ್ತದೆ, ನಟ್‌ನ ತೆನೆ ಮುರಿದರೆ ಮುಂದಿನವರಿಗೆ ಬಿಚ್ಚಲೂ ಆಗದು. ಎರಡನೆಯದು ಕ್ಲಚ್ ಒತ್ತುವ ಸಾಧನ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: 10 ಮಿ.ಮೀ. ದಪ್ಪದ ನಾಲ್ಕಿಂಚಿನ ಬೋಲ್ಟ್, ಅದರ ನಟ್, ಎರಡು ಅಗಲವಾದ ದಪ್ಪ ವಾಶರ್.

ಮೊದಲು ಆಯಿಲ್ ಸುರಿಯಿರಿ. ಕ್ಲಚ್ ಕವರ್ ಇರುವುದು ಎಂಜಿನ್ನಿನ ಎಡಮುಖದಲ್ಲಿ, ಹಿಂದಿನ ಚಕ್ರದ ಮುಂದೆ. ಗ್ಯಾರೇಜಿನವರು ಗಾಡಿಯನ್ನು ಬಲಕ್ಕೆ ಮಲಗಿಸಿಬಿಡುತ್ತಾರೆ. ಮಲಗಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿ ಹೊರಗೆ ತೆಗೆದು, ಕೆಳಗೆ ಹಳೇ ಹಾಸಿಗೆ ಹಾಕಿ. ಇಲ್ಲದಿದ್ದರೆ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಸೋರಿ ನೆಲಕ್ಕೆ, ಬ್ಯಾಟರಿಯ ಆಸಿಡ್ ಪೇಂಟಿಗೆ. ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ದಾರಿ ಹೆಚ್ಚು ನೆಮ್ಮದಿಯದು: ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಕಳಚಿ, ಗಾಡಿ ಕೂರದಂತೆ ಕೆಳಗೆ ಮರದ ದಿಮ್ಮಿ ಕೊಡಿ. ಆಗ ಎಡಗಡೆಯಿಂದ ಕವರಿಗೆ ಕೈ ಸಲೀಸಾಗಿ ಹೋಗುತ್ತದೆ.

ಆರ್ಮಿನಿಂದ ಕೇಬಲ್ ಬಿಡಿಸಿ, ಕವರಿನ 10 ನಂಬರ್ ತಲೆಯ ಬೋಲ್ಟುಗಳನ್ನು ತೆಗೆಯಿರಿ. ಕವರ್ ಅಂಟಿದ್ದರೆ ಆರ್ಮ್ ಹಿಡಿದು ಅಲುಗಾಡಿಸಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಆ ಅಂಚಿಗೆ ಗಾಯವಾದರೆ ಓ-ರಿಂಗ್ ಎಷ್ಟು ಹೊಸದಿದ್ದರೂ ಆಯಿಲ್ ಜಿನುಗುತ್ತದೆ. ಕವರ್ ಹೊರಬರುವಾಗ ಹಿತ್ತಾಳೆ ಬಟನ್ ಜಾರಿ ಬೀಳುತ್ತದೆ, ಕೈ ಕೊಟ್ಟಿರಿ.

ಈಗ ನಟ್. ಲಾಕ್ ವಾಶರಿನ ಮಡಿಕೆ ಬಿಡಿಸಿ. ಕ್ರ್ಯಾಂಕ್ ತಿರುಗದಂತೆ ಹಿಡಿಯಲು ಗೇರ್ ಹಾಕಿ ಬ್ರೇಕ್ ಒತ್ತುವ ಉಪಾಯ ಇಲ್ಲಿ ನಡೆಯದು, ಜಾರುವ ಕ್ಲಚ್ ಮೂಲಕವೇ ಅಲ್ಲವೇ ಆ ಹಿಡಿತ ಬರಬೇಕಾದದ್ದು? ಕ್ಲಚ್ ಹಿಡಿಯುವ ಟೂಲ್ ಇಲ್ಲದಿದ್ದರೆ ಹಗ್ಗದ ಉಪಾಯ ಮಾಡಿ. ಸ್ಪಾರ್ಕ್ ಪ್ಲಗ್ ತೆಗೆದು, ಫ್ಯಾನ್ ತಿರುವಿ ಪಿಸ್ಟನ್ ಬಹುತೇಕ ಮೇಲೆ ಬರುವಂತೆ ಮಾಡಿ, ನೈಲಾನ್ ಹಗ್ಗದ ಶುದ್ಧ ತುಂಡನ್ನು ತೂತಿನಿಂದ ತುರುಕಿ. ಒಂದು ತುದಿ ಹೊರಗಿರಲಿ. ಪಿಸ್ಟನ್ ಕೆಳಗಿರುವಾಗ ಹಗ್ಗ ಹಾಕಿದರೆ ಅದು ಪೋರ್ಟಿನೊಳಗೆ ನುಗ್ಗಿ, ಪಿಸ್ಟನ್ ಏರುವಾಗ ಕತ್ತರಿಸಿ ಸಿಕ್ಕಿಕೊಳ್ಳುತ್ತದೆ. ಮೇಲಿದ್ದಾಗ ಪೋರ್ಟುಗಳು ಮುಚ್ಚಿರುತ್ತವೆ. ಪಿಸ್ಟನ್ ಹಗ್ಗವನ್ನು ಒತ್ತಿ ನಿಂತ ಮೇಲೆ ನಟ್ ಅಪ್ರದಕ್ಷಿಣವಾಗಿ ತಿರುವಿ.

ನಟ್, ವಾಶರ್ ಬಂದ ಮೇಲೆ ಕ್ಲಚ್ ಕೈಯಿಂದಲೇ ಹೊರಗೆ ಸರಿಯುತ್ತದೆ, ಹಠ ಹಿಡಿದರೆ ಎದುರುಬದುರು ಎರಡು ಸ್ಕ್ರೂಡ್ರೈವರ್ ಕೊಟ್ಟು ಮೆಲ್ಲಗೆ. ಅದಕ್ಕೆ ಮುಂಚೆ ಕೆಳಗಿನ ಸಂದಿಗೆ ಬಟ್ಟೆ ತುರುಕಿ. ಕ್ರ್ಯಾಂಕ್ ಮೇಲಿನ ಅರ್ಧಚಂದ್ರದ ವುಡ್‌ರಫ್ ಕೀ ಒಳಗೆ ಬಿದ್ದರೆ ಮ್ಯಾಗ್ನೆಟ್ ಹಿಡಿದು ಹುಡುಕುತ್ತ ಕೂರಬೇಕಾಗುತ್ತದೆ. ಕ್ಲಚ್‌ನ ಹಿಂದೆ ಒಂದು ತಡೆ ವಾಶರ್ ಇರುತ್ತದೆ, ಎಣ್ಣೆಯ ಅಂಟಿಗೆ ಕ್ಲಚ್‌ನ ಬೆನ್ನಿಗೇ ಹತ್ತಿಕೊಂಡು ಬರುತ್ತದೆ. ಯಾವ ಮುಖ ಯಾವ ಕಡೆಗಿತ್ತು ಎಂದು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.

ಕ್ಲಚ್ಚಿನ ನಡುವೆ ಬೋಲ್ಟ್ ತೂರಿಸಿ, ಎರಡೂ ಕಡೆ ವಾಶರ್ ಕೊಟ್ಟು ನಟ್ ಬಿಗಿಯುತ್ತ ಬನ್ನಿ. ಸ್ಪ್ರಿಂಗ್ ಒತ್ತಿ ಪ್ಲೇಟುಗಳು ಸಡಿಲವಾದ ಮೇಲೆ ಅಂಚಿನ ತಂತಿಯ ಸರ್ಕ್ಲಿಪ್ ಅನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎಬ್ಬಿಸಿ. ಕನ್ನಡಕ ಹಾಕಿಕೊಂಡೇ ಮಾಡಿ, ಆ ತಂತಿ ಹಾರಿದರೆ ಕಣ್ಣಿಗೇ. ಆಮೇಲೆ ನಟ್ ಮೆಲ್ಲಗೆ ಸಡಿಲಿಸಿ. ಪ್ಲೇಟುಗಳನ್ನು ಬಂದ ಕ್ರಮದಲ್ಲೇ ಹಳೇ ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಇನ್ನೊಂದು ಫೋಟೋ.

ಈಗ ಕಾರ್ಕ್ ನೋಡಿ. ಆರೋಗ್ಯವಾದ ಕಾರ್ಕ್ ಕಂದು ಬಣ್ಣದ್ದು, ಉಗುರು ಒತ್ತಿದರೆ ಸ್ವಲ್ಪ ಒಳಗೆ ಹೋಗುತ್ತದೆ, ಮೇಲ್ಮೈ ಒರಟು. ಬೆಂದ ಕಾರ್ಕ್ ಕರ್ರಗೆ, ಗಟ್ಟಿ, ಬೆಳಕಿಗೆ ಹಿಡಿದರೆ ಹೊಳೆಯುತ್ತದೆ, ಸುಟ್ಟ ವಾಸನೆ. ಒಂದೆರಡು ತುಂಡು ಅಂಟು ಬಿಟ್ಟು ಎದ್ದಿರಲೂಬಹುದು. ಮರಳು ಕಾಗದದಿಂದ ಉಜ್ಜಿ ಮತ್ತೆ ಹಾಕುವವರಿದ್ದಾರೆ. ದಾರಿಯಲ್ಲಿ ಕೈಕೊಟ್ಟಾಗ ಊರು ಮುಟ್ಟಲು ಅದು ಸರಿ. ಆದರೆ ನಿಮ್ಮ ಕಾರ್ಕ್ ತಿಂಗಳುಗಟ್ಟಲೆ ಕಾರು ಆಯಿಲ್ ಹೀರಿದೆ, ಉಜ್ಜಿದರೆ ಹೋಗುವುದು ಮೇಲಿನದಷ್ಟೇ. ಹೊಸ ಸೆಟ್ಟೇ ಹಾಕಿ. ಸಾಧ್ಯವಿದ್ದರೆ ಹಳೆಯದನ್ನೂ ಹೊಸದನ್ನೂ ವರ್ನಿಯರಿನಲ್ಲಿ ಅಳೆದು ನೋಡಿ, ಎಷ್ಟು ಸವೆದಿತ್ತೆಂದು ಗೊತ್ತಾಗುತ್ತದೆ.

ಸೆಟ್ಟಿನಲ್ಲಿ ಹೊಸ ಸ್ಟೀಲ್ ಪ್ಲೇಟ್ ಬರದಿದ್ದರೆ ಹಳೆಯವನ್ನು ಪರೀಕ್ಷಿಸಿ. ದಪ್ಪ ಗಾಜಿನ ಮೇಲೆ ಮಲಗಿಸಿ ಸುತ್ತಲೂ ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆಗಳು) ಆಡಿಸಿ, 0.15 ಮಿ.ಮೀ. ಎಲೆ ಎಲ್ಲಾದರೂ ತೂರಿದರೆ ಸೊಟ್ಟಗಾಗಿದೆ, ಬಿಸಾಡಿ. ನೀಲಿ ಮಚ್ಚೆಗಳು ಉಕ್ಕು ಅತಿಯಾಗಿ ಕಾದ ಗುರುತು, ಅಂಥವು ಸಾಮಾನ್ಯವಾಗಿ ಸೊಟ್ಟಗೂ ಆಗಿರುತ್ತವೆ. ಚಪ್ಪಟೆಯಾಗಿದ್ದು ಬರೀ ಹೊಳೆಯುತ್ತಿದ್ದರೆ 220 ನಂಬರಿನ ಎಮರಿ ಪೇಪರನ್ನು ಗಾಜಿನ ಮೇಲೆ ಹಾಸಿ, ಸೀಮೆಎಣ್ಣೆ ಹಚ್ಚಿ, ಪ್ಲೇಟನ್ನು ಇಂಗ್ಲಿಷಿನ 8ರ ಆಕಾರದಲ್ಲಿ ಉಜ್ಜಿ. ಹೊಳಪು ಹೋಗಿ ಮಂಕಾದರೆ ಸಾಕು.

ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ಸ್ಕೇಲ್ ಇಡಿ. ಹಳೆಯವು ಗಿಡ್ಡಾಗಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ, ಒಂದೆರಡನ್ನು ಮಾತ್ರ ಬದಲಿಸಿದರೆ ಪ್ಲೇಟು ಓರೆಯಾಗಿ ಎದ್ದು ಕ್ಲಚ್ ನಡುಗುತ್ತದೆ. ಅಂಗಡಿಯವರು ‘ಹೆವಿ’ ಸ್ಪ್ರಿಂಗ್ ತೋರಿಸಿದರೆ ಬೇಡವೆನ್ನಿ. ಸ್ಲಿಪ್ ನಿಲ್ಲುತ್ತದೆ ನಿಜ, ಆದರೆ ಲಕ್ಷ್ಮೀ ರೋಡಿನ ಟ್ರಾಫಿಕ್ಕಿನಲ್ಲಿ ಎಡಗೈ ಸೋಲುತ್ತದೆ, ಕೇಬಲ್ ಬೇಗ ತುಂಡಾಗುತ್ತದೆ, ಬಟನ್ ತೇಯುತ್ತದೆ. ಸಾದಾ 150 ಸಿಸಿ ಎಂಜಿನ್ನಿಗೆ ಕಂಪನಿ ಕೊಟ್ಟಷ್ಟು ಬಿಗುವು ಧಾರಾಳ ಸಾಕು. ಪ್ಲೇಟುಗಳು ಕೂರುವ ಕ್ಲಚ್ ಬುಟ್ಟಿಯ ಅಂಚಿನ ಸೀಳುಗಳಲ್ಲಿ ಪ್ಲೇಟಿನ ಕಿವಿಗಳು ಕೊರೆದ ಕಚ್ಚು ಇದ್ದರೆ ಸಣ್ಣ ಅರದಿಂದ ಸವರಿ. ಕಚ್ಚು ಆಳವಿದ್ದರೆ ಮಾತ್ರ ಪೂರ್ತಿ ಅಸೆಂಬ್ಲಿಯ ಮಾತು.

ಹೊಸ ಕಾರ್ಕ್ ಪ್ಲೇಟುಗಳನ್ನು ಒಣದಾಗಿ ಹಾಕಬೇಡಿ. ಇದೊಂದನ್ನು ಅವಸರದಲ್ಲಿ ಬಿಡುವುದರಿಂದಲೇ ಎಷ್ಟೋ ಹೊಸ ಸೆಟ್ಟುಗಳು ಮೊದಲ ದಿನವೇ ಸುಡುತ್ತವೆ. ಗೇರ್‌ಬಾಕ್ಸಿಗೆ ಹಾಕಲಿರುವ ಅದೇ ಆಯಿಲಿನಲ್ಲಿ ರಾತ್ರಿಯಿಡೀ ನೆನೆಸಿ, ಒಂದಕ್ಕೊಂದು ಅಂಟದಂತೆ ಬಿಡಿಬಿಡಿಯಾಗಿ.

ಜೋಡಿಸುವಾಗ ಫೋಟೋ ನೋಡಿ ಅದೇ ಕ್ರಮ. ಒಂದೇ ಬದಿಗೆ ಕಾರ್ಕ್ ಇರುವ ಪ್ಲೇಟ್ ಇದ್ದರೆ ಅದರ ದಿಕ್ಕು ತಪ್ಪಬಾರದು. ಬೋಲ್ಟಿನಿಂದ ಒತ್ತಿ ಸರ್ಕ್ಲಿಪ್ ಕೂರಿಸಿ, ಅದು ಸುತ್ತಲೂ ತನ್ನ ತೋಡಿನಲ್ಲಿ ಕೂತಿದೆಯೇ ಬೆರಳಾಡಿಸಿ ನೋಡಿ. ಒತ್ತಡ ಬಿಡುವ ಮುಂಚೆ ಕ್ಲಚ್‌ನ ಸಣ್ಣ ಗೇರ್ ಎಲ್ಲ ಪ್ಲೇಟುಗಳ ಹಲ್ಲಿಗೂ ಕೂತಿರಬೇಕು. ಒಂದು ಹಲ್ಲು ತಪ್ಪಿ ಕೂತರೆ ಕ್ಲಚ್ ಅರೆಬರೆ ಒತ್ತುತ್ತದೆ, ಸ್ಲಿಪ್ ಹಾಗೇ ಉಳಿಯುತ್ತದೆ, ನೀವು ಹೊಸ ಪ್ಲೇಟನ್ನು ಬೈಯುತ್ತೀರಿ.

ಕ್ರ್ಯಾಂಕ್ ಮೇಲೆ ತಡೆ ವಾಶರ್, ಕೀ, ಆಮೇಲೆ ಕ್ಲಚ್. ಹಲ್ಲು ಕೂರುವವರೆಗೆ ಅತ್ತಿತ್ತ ತಿರುವಿ ಒಳಗೆ ತಳ್ಳಿ, ಸುತ್ತಿಗೆ ಮುಟ್ಟಬೇಡಿ. ಕೀ ಹಿಂದಕ್ಕೆ ಜರುಗಿಲ್ಲವೆಂದು ಟಾರ್ಚ್ ಹಾಕಿ ನೋಡಿ. ಹೊಸ ಲಾಕ್ ವಾಶರ್ ಹಾಕಿ ನಟ್ಟನ್ನು 40–45 ನ್ಯೂಟನ್ ಮೀಟರಿಗೆ, ಅಂದರೆ ಟಾರ್ಕ್ ರೆಂಚ್‌ನಲ್ಲಿ ಸುಮಾರು 4ರಿಂದ 4.5 ಕೆ.ಜಿ. ಮೀಟರಿಗೆ ಬಿಗಿದು, ವಾಶರನ್ನು ಮಡಚಿ. ಇಲ್ಲಿ ಸಡಿಲ ಬಿಟ್ಟರೆ ಕೀ ಕತ್ತರಿಸಿ ಕ್ರ್ಯಾಂಕ್ ಹಾಳಾಗುತ್ತದೆ. ಹಗ್ಗ ತೆಗೆಯಲು ಮರೆಯಬೇಡಿ, ತುರುಕಿದ ಬಟ್ಟೆಯನ್ನೂ. ಬಟನ್ನಿಗೆ ಚೂರು ಗ್ರೀಸ್ ಹಚ್ಚಿ ಅಂಟಿಸಿದರೆ ಕವರ್ ಮುಚ್ಚುವಾಗ ಬೀಳುವುದಿಲ್ಲ. ಓ-ರಿಂಗಿಗೆ ಆಯಿಲ್ ಸವರಿ, ಬೋಲ್ಟುಗಳನ್ನು ಎದುರುಬದುರಾಗಿ ಹದವಾಗಿ ಬಿಗಿಯಿರಿ. ಕೇಸಿಂಗ್ ಅಲ್ಯೂಮಿನಿಯಂನದು, ಜೋರು ಮಾಡಿದರೆ ತೂತಿನ ಆಟೆ (ಥ್ರೆಡ್) ಕಿತ್ತು ಬರುತ್ತದೆ.

ಕೇಬಲ್ ಕಟ್ಟಿ, 2 ಮಿ.ಮೀ. ಸಂದು ಬಿಟ್ಟು, 250 ಮಿ.ಲೀ. ಆಯಿಲ್ ಹಾಕಿ. ಮೊದಲ ನೂರು ಕಿ.ಮೀ. ಒಬ್ಬರೇ, ಘಾಟ್ ಬೇಡ. ಆಮೇಲೆ ಸಂದು ಮತ್ತೆ ನೋಡಿ, ಹೊಸ ಪ್ಲೇಟು ಕೂತುಕೊಂಡು ಅದು ಕಡಿಮೆಯಾಗಿರುತ್ತದೆ. ಸ್ಲಿಪ್ ಹೋಗಿ ಒಂದನೇ ಗೇರ್ ಹಾಕುವಾಗ ಕಟಕಟ ಎಂದು ಗಾಡಿ ಜಗ್ಗಿದರೆ ಸಂದು ಹೆಚ್ಚಾಯಿತೆಂದು ಅರ್ಥ, ಅರ್ಧ ಸುತ್ತು ಬಿಗಿ ಮಾಡಿ.

ಬೆಳಗಾವಿಗೆ ಹೋಗುವ ದಾರಿಯಲ್ಲಿ ಖಂಬಾಟಕಿ ಘಾಟ್ ಏರಬೇಕು. ಇಬ್ಬರು ಕೂತು ಲಗೇಜೂ ಇದ್ದರೆ ಮೂರನೇ ಗೇರಿನಲ್ಲಿ ಪೂರ್ತಿ ಎಕ್ಸಲರೇಟರ್ ಕೊಟ್ಟು ಏಗುವುದಕ್ಕಿಂತ ಬೇಗನೇ ಎರಡನೆಯದಕ್ಕೆ ಇಳಿಸಿ ಅರ್ಧ ಎಕ್ಸಲರೇಟರಿನಲ್ಲಿ ಏರಿ. ಕ್ಲಚ್ ಹೊರುವುದು ಎಂಜಿನ್ ಕೊಡುವ ಬಲವನ್ನು, ಕೆಳಗಿನ ಗೇರಿನಲ್ಲಿ ಅದೇ ಏರಿಗೆ ಕಡಿಮೆ ಬಲ ಸಾಕಾಗುತ್ತದೆ. ಟ್ರಾಫಿಕ್ ಜಾಮ್ ಆಗಿ ಏರಿನಲ್ಲಿ ನಿಲ್ಲಬೇಕಾದರೆ ಅರ್ಧ ಕ್ಲಚ್ಚಿನಲ್ಲಿ ಗಾಡಿ ಹಿಡಿಯಬೇಡಿ, ಬ್ರೇಕ್ ಒತ್ತಿ ನ್ಯೂಟ್ರಲ್ ಮಾಡಿ. ಡಿಕ್ಕಿಯಲ್ಲಿ ಒಂದು ಕ್ಲಚ್ ಕೇಬಲ್‌ನ ಒಳತಂತಿ, ನಿಪ್ಪಲ್, ಎರಡು ಸಣ್ಣ ಪಾನಾ ಮತ್ತು ಕಾಲು ಲೀಟರ್ ಆಯಿಲ್ ಇರಲಿ.